ಬಾಗಿಲ ಹೆಸರಿನ ಬೋರ್ಡು ಮತ್ತು ಕುಂದಾಪುರದ ಮಳೆ

ಕುಂದಾಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ, ಒಳಗೊಂದು ಲೇಸರ್ ಮಶಿನ್. ಮನೆ ಬಾಗಿಲಿಗೆ ಹೆಸರಿನ ಬೋರ್ಡು ಮಾಡಿಕೊಡುವುದು ಕೆಲಸ. ಮೊದಲ ವರ್ಷ ಜಾಸ್ತಿ ಮಾಡಿದ್ದು ಎಂಡಿಎಫ್‌ನಲ್ಲಿ. ಮರದ ನಾರು ಒತ್ತಿ ಮಾಡಿದ ಹಲಗೆ ಅದು. ಅಗ್ಗ, ಸಲೀಸಾಗಿ ಕಟ್ ಆಗುತ್ತದೆ, ಬಣ್ಣ ಹೊಡೆದರೆ ನೋಡಲು ಚಂದ. ಜೂನ್ ಬಂತು. ಜುಲೈ ಕೊನೆಗೆ ಒಬ್ಬರು ಬೋರ್ಡನ್ನೇ ಕಿತ್ತು ತೊಟ್ಟೆಯಲ್ಲಿ ಹಾಕಿಕೊಂಡು ಬಂದರು. ಕೆಳಗಿನ ಅಂಚು ಬನ್ಸ್ ಹಾಗೆ ಉಬ್ಬಿತ್ತು. "ಇದೆಂಥದು ಮಾರಾಯ್ರೆ, ಇನ್ನೂ ಒಂದು ಮಳೆಗಾಲ ಮುಗಿಯಲಿಲ್ಲ" ಅಂದರು. ದುಡ್ಡು ವಾಪಸ್ ಕೊಟ್ಟೆ.

ಆ ಬೋರ್ಡನ್ನು ಬಿಸಾಡಲಿಲ್ಲ. ಮುಖದ ಬಣ್ಣ ಹೊಸದರ ಹಾಗೇ ಇತ್ತು. ನೀರು ಹೊಕ್ಕಿದ್ದು ಅಂಚಿನಿಂದ ಮತ್ತು ಸ್ಕ್ರೂ ತೂತಿನಿಂದ. ಕಣ್ಣಿಗೆ ಕಾಣುವ ಕಡೆ ಮೂರು ಕೋಟ್ ಹೊಡೆದು, ಅಂಚಿಗೆ ನಾನು ಸುಮ್ನೆ ಬ್ರಶ್ ಸವರಿದ್ದೆ ಅಷ್ಟೆ. ಅಂದಿನಿಂದ ಯಾವ ಶೀಟ್ ಕೈಗೆ ಬಂದರೂ ಮೊದಲು ನೋಡುವುದು ಅಂಚು, ಆಮೇಲೆ ಹಿಂಬದಿ. ಎಂಡಿಎಫ್ ಈಗಲೂ ಮಾಡುತ್ತೇನೆ, ಆದರೆ ಮಕ್ಕಳ ಕೋಣೆ ಬಾಗಿಲಿಗೆ ಮಾತ್ರ.

ಹೊರಗಿನ ಬಾಗಿಲಿಗೆ ನನ್ನ ಕೈ ಹೋಗುವುದು 3 ಮಿ.ಮೀ. ಅಕ್ರಿಲಿಕ್ ಕಡೆಗೆ, ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್ ಶೀಟ್ ಅದು. ಅದರಲ್ಲಿ ಎರಡು ಜಾತಿ, ಅಚ್ಚಿಗೆ ಸುರಿದು ಮಾಡಿದ ಕಾಸ್ಟ್ ಮತ್ತು ಯಂತ್ರದಿಂದ ಒತ್ತಿ ಹೊರತೆಗೆದ ಎಕ್ಸ್‌ಟ್ರೂಡೆಡ್. ಎರಡನೆಯದು ಅಗ್ಗ, ಆದರೆ ಕೆತ್ತಿದರೆ ಅಕ್ಷರ ಎದ್ದು ಕಾಣುವುದಿಲ್ಲ. ಕಾಸ್ಟ್ ಶೀಟ್‌ನಲ್ಲಿ ಮಂಜು ಕೂತ ಹಾಗೆ ಬೆಳ್ಳಗೆ ಬರುತ್ತದೆ. 8 ಅಡಿ 4 ಅಡಿ ಶೀಟಿನಲ್ಲಿ 12 ಇಂಚು 6 ಇಂಚಿನ ಬೋರ್ಡು ಲೆಕ್ಕಕ್ಕೆ 64 ಸಿಗುತ್ತವೆ, ಕಟಿಂಗ್‌ನಲ್ಲಿ ಸ್ವಲ್ಪ ಹೋಗುತ್ತದೆ. ನಾನು ಇಡೀ ಶೀಟ್ ತರುವುದು ಕಮ್ಮಿ. ದೊಡ್ಡ ಬೋರ್ಡಿನವರ ಹತ್ತಿರ ಮಿಕ್ಕ ತುಂಡುಗಳನ್ನು ತೂಕಕ್ಕೆ ತರುತ್ತೇನೆ. ಬಾಗಿಲ ಬೋರ್ಡಿಗೆ ಬೇಕಾದ್ದು ಒಂದು ಗೇಣು, ಅಲ್ವಾ?

ಕೆತ್ತುವುದು ಹಿಂಬದಿಗೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ. ಶೀಟಿನ ಮೇಲಿನ ಕಾಗದ ತೆಗೆಯದೆ ಅದರ ಮೇಲೇ ಕೆತ್ತಬೇಕು. ಅಕ್ಷರದ ಗುಂಡಿಗೆ ಅಕ್ರಿಲಿಕ್ ಬಣ್ಣ ತುಂಬಿ, ಒಣಗಿದ ಮೇಲೆ ಕಾಗದ ಸುಲಿದರೆ ಅಂಚು ಒಂಚೂರೂ ಕದಡಿರುವುದಿಲ್ಲ. ಅದರ ಹಿಂದೆ ಬೇರೆ ಬಣ್ಣದ ವಿನೈಲ್ ಸ್ಟಿಕ್ಕರ್ ಹಾಳೆ ಅಂಟಿಸುತ್ತೇನೆ. ಮಳೆಯಾಗಲಿ, ಒರೆಸುವ ಬಟ್ಟೆಯಾಗಲಿ, ಹಬ್ಬದ ದಿನದ ಅರಿಶಿನ ಕುಂಕುಮವಾಗಲಿ ಮುಂದಿನಿಂದ ಅಕ್ಷರವನ್ನು ಮುಟ್ಟುವುದಿಲ್ಲ. ತಿರುಗಿಸಲು ಮರೆತು ಮೂರು ಬೋರ್ಡು ಹಾಳು ಮಾಡಿದ್ದೇನೆ, ಅದು ಬೇರೆ ಮಾತು.

ಅಕ್ರಿಲಿಕ್‌ಗೂ ಒಂದು ಶತ್ರು ಇದೆ, ಸ್ಪಿರಿಟ್. 2020ರಲ್ಲಿ ಎಲ್ಲರ ಕೈಯಲ್ಲೂ ಸ್ಯಾನಿಟೈಸರ್. ಬಾಗಿಲು, ಬೆಲ್ಲು, ಬೋರ್ಡು ಎಲ್ಲ ಅದರಲ್ಲೇ ಒರೆಸಿದರು. ಲೇಸರ್ ಕಟ್ ಆದ ಅಂಚಿನಿಂದ ಕೂದಲೆಳೆಯಂಥ ಬಿರುಕು ಒಳಗೆ ಓಡಿತು. ಈಗ ಬೋರ್ಡು ಕೊಡುವಾಗಲೇ ಹೇಳುತ್ತೇನೆ: ಒದ್ದೆ ಬಟ್ಟೆ ಸಾಕು, ಬೇರೆ ಏನೂ ಬೇಡ.

ಸ್ಟೀಲ್ ಅಕ್ಷರ ಕೇಳುವವರೂ ಇದ್ದಾರೆ. ಸ್ಟೀಲಿನಲ್ಲಿ 304, 202 ಅಂತ ದರ್ಜೆಗಳಿವೆ. ಅಯಸ್ಕಾಂತ ಹಿಡಿದು "ನೋಡಿ, ಅಂಟುವುದಿಲ್ಲ, 304" ಅನ್ನುವವರನ್ನು ನಂಬಬೇಡಿ. ಅಗ್ಗದ 202 ಕೂಡ ಸಾಮಾನ್ಯವಾಗಿ ಅಂಟುವುದಿಲ್ಲ. ಕಡಲ ಗಾಳಿಗೆ 304ಕ್ಕೇ ಚಹಾ ಚೆಲ್ಲಿದ ಹಾಗೆ ಕಲೆ ಬೀಳುತ್ತದೆ, 202 ಕೇಳುವುದೇ ಬೇಡ. ಹಿತ್ತಾಳೆ ಚಂದವೇ. ಆದರೆ ಮನೆಯಲ್ಲಿ ಯಾರಾದರೂ ಹುಣಸೆಹಣ್ಣು ಹಚ್ಚಿ ಉಜ್ಜದೆ ಬಿಡುವುದಿಲ್ಲ. ಮೇಲಿನ ಲ್ಯಾಕರ್ ಹೋಗುತ್ತದೆ, ಅಕ್ಷರದ ಕಪ್ಪೂ ಹೋಗುತ್ತದೆ. ಸನ್‌ಬೋರ್ಡ್ ಲೇಸರಿಗೆ ಕೊಡಲೇಬಾರದು. ಅದು ಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನ ಫೋಮ್ ಹಲಗೆ. ಸುಟ್ಟಾಗ ಬರುವ ಹೊಗೆ ಶ್ವಾಸಕ್ಕೂ ಕೆಟ್ಟದ್ದು, ಮಶಿನ್ನಿಗೂ ತುಕ್ಕು ಹಿಡಿಸುತ್ತದೆ.

ಬಿಡಿ ಅಕ್ಷರ ಅಂಟಿಸುವ ಬೋರ್ಡು ನಾನು ಬಿಟ್ಟಿದ್ದು ಕನ್ನಡದ ಕಾರಣಕ್ಕೆ. ಇಂಗ್ಲಿಷ್ ಅಕ್ಷರ ಒಂದೊಂದೂ ದಪ್ಪ ತುಂಡು. ನಮ್ಮ ಒತ್ತಕ್ಷರ ಬೆರಳ ತುದಿಯಷ್ಟು. ಗಮ್ ಹಿಡಿಯಲು ಅಲ್ಲಿ ಜಾಗವೇ ಇಲ್ಲ. 'ಅಮ್ಮನ ಮನೆ' ಅಂತ ಮಾಡಿಕೊಟ್ಟ ಬೋರ್ಡು ದೀಪಾವಳಿ ಹೊತ್ತಿಗೆ 'ಅಮನ ಮನೆ' ಆಗಿತ್ತು. ಆ ಒತ್ತು ಮೆಟ್ಟಿಲ ಸಂದಿಯಲ್ಲಿ ಸಿಕ್ಕಿತು.

ಇನ್ನು ಕೂರಿಸುವುದು. ತೇಗದ ಬಾಗಿಲಿಗೆ ತೂತು ಹಾಕಲು ಯಾರೂ ಬಿಡುವುದಿಲ್ಲ, ಅಲ್ಲಿ ಎರಡೂ ಬದಿ ಅಂಟುವ ಫೋಮ್ ಟೇಪ್ ಸರಿ. ಡಿಸ್ಟೆಂಪರ್ ಗೋಡೆಗೆ ಟೇಪ್ ಹಚ್ಚಿದರೆ ಟೇಪ್ ಗಟ್ಟಿ ಇರುತ್ತದೆ, ಗೋಡೆಯ ಬಣ್ಣವೇ ಸುಲಿದು ಬೋರ್ಡಿನ ಜೊತೆ ಕೆಳಗೆ ಬೀಳುತ್ತದೆ. ಗೋಡೆಗೆ ಸ್ಟೀಲ್ ಸ್ಕ್ರೂನೇ ಆಗಬೇಕು. ಅಕ್ರಿಲಿಕ್‌ನ ತೂತು ಸ್ಕ್ರೂಗಿಂತ 1 ಮಿ.ಮೀ. ದೊಡ್ಡದಿರಲಿ. ಬಿಸಿಲಿಗೆ ಅದು ಹಿಗ್ಗುತ್ತದೆ, ಬಿಗಿದು ಕಟ್ಟಿದರೆ ತೂತಿನ ಹತ್ತಿರವೇ ಸೀಳುತ್ತದೆ. ಹಿಂದೆ ಸಣ್ಣ ವಾಷರ್ ಇಟ್ಟರೆ ಗೋಡೆಯ ನೀರು ಇಳಿದು ಹೋಗಲು ಜಾಗ ಸಿಗುತ್ತದೆ.

ಹೊಸ ಶೀಟ್ ಏನೇ ಬಂದರೂ ನಮ್ಮ ಮನೆ ಗೇಟಿನ ಕಂಬಕ್ಕೆ ಒಂದು ತುಂಡು ಹೊಡೆದಿಡುತ್ತೇನೆ. ಪಡುವಣ ದಿಕ್ಕು, ಮಳೆ ನೇರ ಬಡಿಯುವ ಜಾಗ. ಈಗ ಅಲ್ಲಿ ಎಸಿಪಿ (ಎರಡು ಅಲ್ಯೂಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್ ಇರುವ ಶೀಟ್) ತುಂಡೊಂದಿದೆ. ಮೇಲಿನ ಕೆಂಪು ವಿನೈಲ್ ಆಗಲೇ ಗುಲಾಬಿಗೆ ತಿರುಗಿದೆ, ಪಕ್ಕದ ಕಪ್ಪು ಅಕ್ಷರ ಮಾತ್ರ ಹಾಗೇ ಇದೆ. ಕೆಂಪು ಕೇಳಿ ಬಂದವರನ್ನು ಗೇಟಿನ ಹತ್ತಿರ ಕರೆದುಕೊಂಡು ಹೋಗಿ ತೋರಿಸುತ್ತೇನೆ.