ಅಮೆರಿಕದ ಕೋರ್ಟಿನಿಂದ ಕಾಗದ ಬಂದರೆ ಏನು ಮಾಡಬೇಕು?

ಟೆಕ್ಸಸ್‌ನ ಡಲ್ಲಾಸ್ ಸುತ್ತಮುತ್ತಲಿನ ಕೋರ್ಟುಗಳಲ್ಲಿ ಕೆಲವು ವರ್ಷ ನಾನು ಕನ್ನಡ ದುಭಾಷಿಯಾಗಿದ್ದೆ. ಜಡ್ಜ್ ಹೇಳಿದ್ದನ್ನು ಕನ್ನಡದಲ್ಲಿ, ನಮ್ಮವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳುವುದಷ್ಟೇ ಕೆಲಸ. ಸಲಹೆ ಕೊಡುವಂತಿಲ್ಲ. ‘ಅಮ್ಮಾ, ಹಾಗೆ ಹೇಳಬೇಡಿ’ ಎಂದು ನಾಲಿಗೆ ತುದಿಗೆ ಬಂದರೂ ನುಂಗಿಕೊಳ್ಳಬೇಕು. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಲು ಹೊರಟ ಮಕ್ಕಳು, ಕೆಲಸಕ್ಕೆ ಹೋದವರು, ಆರು ತಿಂಗಳು ಮಗಳ ಮನೆಯಲ್ಲಿದ್ದು ಬರುವ ಅಪ್ಪ ಅಮ್ಮ, ಎಲ್ಲರೂ ಓದಿ.

ಹೆಜ್ಜೆ 1: ಲಕೋಟೆ ಎಸೆಯಬೇಡಿ

ಕಾಗದ ಯಾವ ದಿನ ಕೈಗೆ ಬಂತು, ಯಾರು ಕೊಟ್ಟರು ಎಂಬುದನ್ನು ಲಕೋಟೆಯ ಮೇಲೇ ಬರೆದಿಡಿ. ಗಡುವು ಲೆಕ್ಕ ಹಾಕಲು ಅದು ಬೇಕು. ಎಲ್ಲ ಪುಟಗಳ ಫೋಟೊ ತೆಗೆದುಕೊಳ್ಳಿ.

ಇನ್ನೊಂದು ಮಾತು. ‘ನಿಮ್ಮ ಮೇಲೆ ವಾರಂಟ್ ಇದೆ, ಗಿಫ್ಟ್ ಕಾರ್ಡ್ ಕೊಂಡು ನಂಬರ್ ಹೇಳಿ’ ಎಂದು ಫೋನ್ ಬಂದರೆ ಅದು ಮೋಸ. ಯಾವ ಕೋರ್ಟೂ ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟಿಸಿಕೊಳ್ಳುವುದಿಲ್ಲ. ಫೋನ್ ಇಟ್ಟುಬಿಡಿ.

ಹೆಜ್ಜೆ 2: ಇದು ಯಾರ ಕೋರ್ಟು?

ನಮ್ಮವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮಲ್ಲಿ ಕಳ್ಳತನ ಬೀದರಿನಲ್ಲಿ ಆದರೂ ಕೊಚ್ಚಿಯಲ್ಲಿ ಆದರೂ ಅದೇ ಭಾರತೀಯ ನ್ಯಾಯ ಸಂಹಿತೆ. ತಾಲ್ಲೂಕು ಕೋರ್ಟಿನಿಂದ ಜಿಲ್ಲೆಗೆ, ಅಲ್ಲಿಂದ ಹೈಕೋರ್ಟಿಗೆ, ಕೊನೆಗೆ ದೆಹಲಿಗೆ. ಇರುವುದು ಒಂದೇ ಏಣಿ. ಇದನ್ನೇ ತಲೆಯಲ್ಲಿಟ್ಟುಕೊಂಡು ಅಮೆರಿಕದ ಕಾಗದ ಓದಿದರೆ ತಲೆ ಕೆಡುತ್ತದೆ.

ಅಲ್ಲಿ ರಾಜ್ಯಗಳು ಮೊದಲು ಹುಟ್ಟಿದವು, ಕೇಂದ್ರ ಆಮೇಲೆ ಬಂತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆದಾಗ ರಾಜ್ಯಗಳು ತಮ್ಮ ಅಧಿಕಾರದಲ್ಲಿ ಒಂದಿಷ್ಟನ್ನು ಮಾತ್ರ ಕೇಂದ್ರಕ್ಕೆ ಕೊಟ್ಟವು. ಕೊಡದೆ ಉಳಿದದ್ದು ರಾಜ್ಯಕ್ಕೆ ಅಥವಾ ಜನಕ್ಕೇ ಸೇರಿದ್ದು ಎಂದು 1791ರ ಹತ್ತನೇ ತಿದ್ದುಪಡಿ ಬಿಡಿಸಿ ಹೇಳಿತು. ಹಾಗಾಗಿ 50 ರಾಜ್ಯಗಳಿಗೂ ಅವುಗಳದೇ ಸಂವಿಧಾನ, ಅವುಗಳದೇ ದಂಡ ಸಂಹಿತೆ, ಅವುಗಳದೇ ಕೋರ್ಟುಗಳ ಏಣಿ. ಇದರ ಪಕ್ಕದಲ್ಲಿ ಫೆಡರಲ್, ಅಂದರೆ ಕೇಂದ್ರದ, ಏಣಿ ಬೇರೆ: ಕೆಳಗೆ 94 ಜಿಲ್ಲಾ ಕೋರ್ಟುಗಳು, ನಡುವೆ 13 ಮೇಲ್ಮನವಿ ಕೋರ್ಟುಗಳು, ತುದಿಯಲ್ಲಿ ವಾಷಿಂಗ್ಟನ್‌ನ ಸುಪ್ರೀಂ ಕೋರ್ಟು, ಅದರಲ್ಲಿ 9 ಜನ ಜಡ್ಜ್‌ಗಳು. ಫೆಡರಲ್ ಜಡ್ಜ್‌ಗಳನ್ನು ಅಧ್ಯಕ್ಷರು ನೇಮಿಸುತ್ತಾರೆ, ಸೆನೆಟ್ ಒಪ್ಪಬೇಕು. ಟೆಕ್ಸಸ್‌ನಂಥ ಹಲವು ರಾಜ್ಯಗಳಲ್ಲಿ ಜಡ್ಜ್‌ಗಳು ಎಮ್ಮೆಲ್ಲೆಗಳ ಹಾಗೆ ಓಟು ಕೇಳಿ ಗೆದ್ದು ಬರುತ್ತಾರೆ.

ಕಳ್ಳತನ, ಕೊಲೆ, ಟ್ರಾಫಿಕ್ ದಂಡ, ಬಾಡಿಗೆ ಜಗಳ, ಮದುವೆ, ವಿಚ್ಛೇದನ, ಆಸ್ತಿ: ಬಹುಪಾಲು ಇವು ರಾಜ್ಯದವು. ವೀಸಾ, ಗ್ರೀನ್ ಕಾರ್ಡ್, ಪೌರತ್ವ, ಪೇಟೆಂಟ್, ದಿವಾಳಿ: ಇವು ಫೆಡರಲ್. ಕಾಗದದ ನೆತ್ತಿಯ ಮೇಲೆ ‘ಯುನೈಟೆಡ್ ಸ್ಟೇಟ್ಸ್ ಡಿಸ್ಟ್ರಿಕ್ಟ್ ಕೋರ್ಟ್’ ಎಂದಿದ್ದರೆ ಫೆಡರಲ್. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹೆಸರೋ ರಾಜ್ಯದ ಹೆಸರೋ ನಗರದ ಹೆಸರೋ ಇದ್ದರೆ ಸಾಮಾನ್ಯವಾಗಿ ರಾಜ್ಯದ್ದು.

ಹೆಸರು ನೋಡಿ ಗಾಬರಿಯಾಗಬೇಡಿ. ನ್ಯೂಯಾರ್ಕ್‌ನಲ್ಲಿ ‘ಸುಪ್ರೀಂ ಕೋರ್ಟ್’ ಎಂದರೆ ಸಾಕ್ಷಿ ವಿಚಾರಣೆ ನಡೆಸುವ ಕೆಳಗಿನ ಕೋರ್ಟು. ಅಲ್ಲಿ ಎಲ್ಲಕ್ಕಿಂತ ಮೇಲಿರುವುದು ‘ಕೋರ್ಟ್ ಆಫ್ ಅಪೀಲ್ಸ್’. ಟೆಕ್ಸಸ್‌ನಲ್ಲಿ ತುದಿಯ ಕೋರ್ಟುಗಳೇ ಎರಡು, ಒಂದು ಸಿವಿಲ್‌ಗೆ, ಇನ್ನೊಂದು ಕ್ರಿಮಿನಲ್‌ಗೆ. ನ್ಯೂಯಾರ್ಕಿನಲ್ಲಿರುವ ಒಬ್ಬ ಹುಡುಗನಿಗೆ ಬಾಡಿಗೆ ವಿಷಯದ ದಾವೆ ಬಂದಾಗ ಊರಲ್ಲಿದ್ದ ತಂದೆ ‘ಸುಪ್ರೀಂ ಕೋರ್ಟಿನವರೆಗೂ ಹೋಯಿತಾ!’ ಎಂದು ಎರಡು ದಿನ ಊಟ ಬಿಟ್ಟಿದ್ದರು.

ಎರಡು ಏಣಿಗಳಿದ್ದರೆ ಒಂದೇ ಕೃತ್ಯಕ್ಕೆ ಎರಡೂ ಕಡೆ ಕೇಸು ಆಗಬಹುದು. 2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರನ್ನು ಕೊಂದ ಪೊಲೀಸ್ ಅಧಿಕಾರಿಗೆ ಮೊದಲು ರಾಜ್ಯದ ಕೋರ್ಟಿನಲ್ಲಿ ಶಿಕ್ಷೆಯಾಯಿತು, ಆಮೇಲೆ ಫೆಡರಲ್ ಕೋರ್ಟಿನಲ್ಲೂ ಆಯಿತು. ಒಂದು ಕಡೆ ಸರಿ ಎಂದದ್ದು ಇನ್ನೊಂದು ಕಡೆ ತಪ್ಪೂ ಆಗಬಹುದು. ಕ್ಯಾಲಿಫೋರ್ನಿಯಾದಲ್ಲಿ ವಯಸ್ಕರು ಗಾಂಜಾ ಸೇದಬಹುದು ಎಂದು 2016ರಲ್ಲಿ ಜನರೇ ಓಟು ಹಾಕಿ ಒಪ್ಪಿದರು. ಅಂಗಡಿಯಲ್ಲಿ ರಸೀದಿ ಕೊಟ್ಟು ಮಾರುತ್ತಾರೆ. ಆದರೆ ಫೆಡರಲ್ ಕಾನೂನಿನಲ್ಲಿ ಅದು ಇನ್ನೂ ನಿಯಂತ್ರಿತ ವಸ್ತು, ವೀಸಾ ನೋಡುವುದು ಫೆಡರಲ್ ಸರ್ಕಾರ. ಪೌರತ್ವ ಇಲ್ಲದವರು ಅದರ ಹತ್ತಿರ ಹೋಗಲೇಬೇಡಿ. ‘ಇಲ್ಲಿ ಲೀಗಲ್ ಅಲ್ವಾ ಆಂಟಿ’ ಎನ್ನುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ.

ಹೆಜ್ಜೆ 3: ಯಾರು, ಯಾರ ಮೇಲೆ?

ಕೋರ್ಟಿನ ಹೆಸರಿನ ಕೆಳಗೆ ಎರಡು ಹೆಸರುಗಳಿರುತ್ತವೆ. ‘ದಿ ಸ್ಟೇಟ್ ಆಫ್ ಟೆಕ್ಸಸ್’ ವಿರುದ್ಧ ನೀವು ಎಂದಿದ್ದರೆ ಹೆಚ್ಚಾಗಿ ಕ್ರಿಮಿನಲ್. ಕ್ಯಾಲಿಫೋರ್ನಿಯಾದಲ್ಲಿ ‘ದಿ ಪೀಪಲ್’ ಎಂದಿರುತ್ತದೆ. ಖಾಸಗಿ ವ್ಯಕ್ತಿಯೋ ಕಂಪನಿಯೋ ಇದ್ದರೆ ಸಿವಿಲ್. ಅಮೆರಿಕದ ಫುಟ್‌ಬಾಲ್ ತಾರೆ ಒ. ಜೆ. ಸಿಂಪ್ಸನ್ ಕೊಲೆ ಕೇಸಿನಲ್ಲಿ 1995ರಲ್ಲಿ ಬಿಡುಗಡೆಯಾದರು. 1997ರಲ್ಲಿ ಅದೇ ಸಾವುಗಳಿಗೆ ಸಿವಿಲ್ ಜ್ಯೂರಿ (ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ತಂಡ) ಅವರನ್ನೇ ಹೊಣೆ ಮಾಡಿ 3.35 ಕೋಟಿ ಡಾಲರ್ ಕೊಡಲು ಹೇಳಿತು. ಸಿವಿಲ್‌ನಲ್ಲಿ ಬೇಕಾದ ಸಾಕ್ಷ್ಯದ ತೂಕ ಕಡಿಮೆ.

ಜ್ಯೂರಿ ಸಮನ್ಸ್, ಅಂದರೆ ಜ್ಯೂರಿಯಲ್ಲಿ ಕೂರಲು ಕರೆ, ಬಂದಿದ್ದರೆ ನಿಮ್ಮ ಮೇಲೆ ಕೇಸಿಲ್ಲ. ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದ ಹೆಸರು ಎತ್ತುವುದರಿಂದ ವೀಸಾದವರಿಗೂ ಬರುತ್ತದೆ. ಪೌರರಲ್ಲ ಎಂಬ ಜಾಗದಲ್ಲಿ ಗುರುತು ಹಾಕಿ ವಾಪಸ್ ಕಳಿಸಿ. ಕುತೂಹಲಕ್ಕೂ ‘ಪೌರ’ ಎಂದು ಬರೆಯಬೇಡಿ. ಸುಳ್ಳು ಪೌರತ್ವ ಹೇಳಿದ್ದು ಗ್ರೀನ್ ಕಾರ್ಡಿಗೇ ಕುತ್ತು ತರುತ್ತದೆ.

ಹೆಜ್ಜೆ 4: ಗಡುವು

ಫೆಡರಲ್ ಸಿವಿಲ್ ದಾವೆಗೆ ಸಾಮಾನ್ಯವಾಗಿ 21 ದಿನದಲ್ಲಿ ಉತ್ತರ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ 30 ದಿನ. ಟೆಕ್ಸಸ್‌ನ ಜಿಲ್ಲಾ ಕೋರ್ಟಿನಲ್ಲಿ 20 ದಿನ ಕಳೆದ ಮೇಲೆ ಬರುವ ಸೋಮವಾರ ಬೆಳಿಗ್ಗೆ 10 ಗಂಟೆಯೊಳಗೆ. ತಪ್ಪಿದರೆ ಎದುರಿನವರು ಕೇಳಿದ್ದೇ ತೀರ್ಪಾಗಬಹುದು. ಮೊಬೈಲ್ ರಿಮೈಂಡರ್ ಸಾಲದು. ಫ್ರಿಜ್ ಮೇಲೆ ಕ್ಯಾಲೆಂಡರ್ ಅಂಟಿಸಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ.

ಹೆಜ್ಜೆ 5: ವಕೀಲರು

ವಕೀಲರ ಲೈಸೆನ್ಸ್ ಕೊಡುವುದು ರಾಜ್ಯ. ರಾಜ್ಯದ ಕೇಸಿಗೆ ಅದೇ ರಾಜ್ಯದವರು ಬೇಕು. ವೀಸಾ ವಿಷಯಕ್ಕೆ ಯಾವ ರಾಜ್ಯದ ಲೈಸೆನ್ಸ್ ಇದ್ದರೂ ನಡೆಯುತ್ತದೆ. ನಮ್ಮಲ್ಲಿ ನೋಟರಿ ಎಂದರೆ ಸಾಮಾನ್ಯವಾಗಿ ವಕೀಲರೇ. ಅಲ್ಲಿ ನೋಟರಿಗೆ ವಕೀಲಿಕೆ ಗೊತ್ತಿರಬೇಕಾಗಿಲ್ಲ, ಸಹಿಗೆ ಸಾಕ್ಷಿಯಾಗುವುದಷ್ಟೇ ಕೆಲಸ. ಅವರಿಂದ ಅರ್ಜಿ ತುಂಬಿಸಿಕೊಂಡು ಕೆಟ್ಟವರನ್ನು ಕಂಡಿದ್ದೇನೆ. ‘50 ರಾಜ್ಯಗಳಿಗೂ ಒಂದೇ ಫಾರ್ಮ್’ ಎಂದು ಮಾರುವ ಕಿಟ್‌ಗಳನ್ನೂ ಕೊಳ್ಳಬೇಡಿ. ರಾಜ್ಯಕ್ಕೊಂದು ಕಾನೂನಿರುವಾಗ ಅಂಥ ಫಾರ್ಮ್ ಇರಲು ಹೇಗೆ ಸಾಧ್ಯ?

ಕ್ರಿಮಿನಲ್ ಕೇಸಿನಲ್ಲಿ ಜೈಲಾಗುವಂತಿದ್ದು ಕೈಯಲ್ಲಿ ದುಡ್ಡಿಲ್ಲದಿದ್ದರೆ ಸರ್ಕಾರವೇ ವಕೀಲರನ್ನು ಕೊಡಬೇಕು. ಫ್ಲಾರಿಡಾದ ಬಡವನೊಬ್ಬ ಜೈಲಿನಿಂದ ಪೆನ್ಸಿಲಿನಲ್ಲಿ ಬರೆದ ಅರ್ಜಿಯಿಂದ 1963ರಲ್ಲಿ ಬಂದ ತೀರ್ಪು ಇದು, ಗಿಡಿಯನ್ ತೀರ್ಪು ಎನ್ನುತ್ತಾರೆ. ಗಡೀಪಾರು ಕೇಸಿಗೆ ಈ ಸೌಲಭ್ಯವಿಲ್ಲ. ಇಮಿಗ್ರೇಷನ್ (ವಲಸೆ) ಕೋರ್ಟು ಮೇಲಿನ ಎರಡೂ ಏಣಿಗಳಿಗೆ ಸೇರಿದ್ದಲ್ಲ, ಕೇಂದ್ರ ಸರ್ಕಾರದ ನ್ಯಾಯ ಇಲಾಖೆಯ ಕೈಕೆಳಗಿದೆ.

ವಿಚ್ಛೇದನದವರಿಗೊಂದು ಮಾತು. ತಿರುಪತಿಯಲ್ಲಿ ಮದುವೆಯಾದ ದಂಪತಿಗೆ ಮಿಸ್ಸೌರಿ ಕೋರ್ಟು ಕೊಟ್ಟ ಡಿಕ್ರಿಯನ್ನು 1991ರಲ್ಲಿ ನಮ್ಮ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅಲ್ಲಿ ಮುಗಿಯಿತು ಎಂದುಕೊಂಡು ಇಲ್ಲಿ ಇನ್ನೊಂದು ಮದುವೆಗೆ ಛತ್ರ ಬುಕ್ ಮಾಡುವ ಮೊದಲು ಎರಡೂ ದೇಶದ ವಕೀಲರನ್ನು ಕೇಳಿ.

ಹೆಜ್ಜೆ 6: ‘ಗಿಲ್ಟಿ’ ಎನ್ನುವ ಮುನ್ನ

ಈ ಲೇಖನ ಬರೆದದ್ದೇ ಈ ಹೆಜ್ಜೆಗಾಗಿ. ಅಂಗಡಿಯಲ್ಲಿ ಬಿಲ್ ಮಾಡದ ವಸ್ತು ಚೀಲದಲ್ಲಿ ಸಿಕ್ಕಿತು ಎಂದು ಕೇಸಾಗುತ್ತದೆ. ನಮ್ಮವರಿಗೆ ಮರ್ಯಾದೆಯದೇ ಚಿಂತೆ. ‘ಒಪ್ಪಿಕೊಂಡು ದಂಡ ಕಟ್ಟಿ ಕೈತೊಳೆದುಕೊಳ್ಳೋಣ’ ಎನ್ನುತ್ತಾರೆ. ಸರ್ಕಾರಿ ವಕೀಲರೂ ರಾಜಿ ಮುಂದಿಡುತ್ತಾರೆ. ಅಲ್ಲಿ ಜ್ಯೂರಿಯ ಮುಂದೆ ಹೋಗುವ ಕೇಸುಗಳು ತೀರಾ ಕಡಿಮೆ. ಶಿಕ್ಷೆಯಾದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಜನ ತಪ್ಪೊಪ್ಪಿಕೊಂಡವರೇ.

ಟೆಕ್ಸಸ್‌ನಲ್ಲಿ ‘ಡಿಫರ್ಡ್ ಅಡ್ಜುಡಿಕೇಷನ್’ (ತೀರ್ಪು ಮುಂದೂಡುವುದು) ಎಂಬ ದಾರಿ ಇದೆ. ‘ಗಿಲ್ಟಿ’ (ತಪ್ಪು ಒಪ್ಪಿದೆ) ಅಥವಾ ‘ನೋ ಕಾಂಟೆಸ್ಟ್’ (ಆರೋಪದ ವಿರುದ್ಧ ವಾದಿಸುವುದಿಲ್ಲ) ಎನ್ನಿ, ಹೇಳಿದಷ್ಟು ಕಾಲ ನೆಟ್ಟಗಿರಿ, ಕೇಸು ವಜಾ ಆಗುತ್ತದೆ. ರಾಜ್ಯದ ಲೆಕ್ಕದಲ್ಲಿ ಶಿಕ್ಷೆಯೇ ಆಗಿಲ್ಲ. ಆದರೆ ಫೆಡರಲ್ ವಲಸೆ ಕಾನೂನು ಬೇರೆ ರೀತಿ ಎಣಿಸುತ್ತದೆ. ಈ ಎರಡರಲ್ಲಿ ಯಾವುದನ್ನೇ ಹೇಳಿ ಯಾವುದಾದರೂ ದಂಡನೆಯೋ ನಿರ್ಬಂಧವೋ ಅನುಭವಿಸಿದ್ದರೆ ಅಲ್ಲಿ ಅದು ಶಿಕ್ಷೆಯೇ. ಎರಡನೇ ಹೆಜ್ಜೆಯಲ್ಲಿ ಅಷ್ಟು ಹೇಳಿದ್ದು ಇದಕ್ಕೇ. ಕೇಸು ಒಂದು ಏಣಿಯಲ್ಲಿ ಮುಗಿಯುತ್ತದೆ, ಪೆಟ್ಟು ಇನ್ನೊಂದರಲ್ಲಿ ಬೀಳುತ್ತದೆ. ಕಳ್ಳತನ ಸಣ್ಣದಾದರೂ ವೀಸಾದವರಿಗೆ ದೊಡ್ಡದು.

ಹೊಂಡುರಾಸ್‌ನಿಂದ ಬಂದು 40 ವರ್ಷಕ್ಕೂ ಹೆಚ್ಚು ಕಾಲ ಗ್ರೀನ್ ಕಾರ್ಡ್‌ನಲ್ಲಿದ್ದ, ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಲಾರಿ ಚಾಲಕರೊಬ್ಬರು ಕೆಂಟಕಿಯಲ್ಲಿ ಗಾಂಜಾ ಕೇಸಿನಲ್ಲಿ ತಪ್ಪೊಪ್ಪಿಕೊಂಡರು. ಇಷ್ಟು ವರ್ಷ ಇದ್ದೀರಿ, ಗಡೀಪಾರಿನ ಚಿಂತೆ ಬೇಡ ಎಂದು ವಕೀಲರು ಹೇಳಿದ್ದರಂತೆ. ಅದು ತಪ್ಪು ಸಲಹೆ. 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಪೌರರಲ್ಲದ ಕಕ್ಷಿದಾರರಿಗೆ ಗಡೀಪಾರಿನ ಅಪಾಯವನ್ನು ತಿಳಿಸುವುದು ವಕೀಲರ ಕರ್ತವ್ಯ ಎಂದಿತು. ನೀವು ಕೇಳಬೇಕಾದ ಪ್ರಶ್ನೆ ಹೀಗಿರಲಿ: ‘ನನ್ನ ಬಳಿ ಇಂಥ ವೀಸಾ ಇದೆ. ಒಪ್ಪಿಕೊಂಡರೆ ಅದಕ್ಕೇನಾಗುತ್ತದೆ? ಬರೆದು ಕೊಡಿ.’ ಬರೆದು ಕೊಡದಿದ್ದರೆ ಇಮಿಗ್ರೇಷನ್ ವಕೀಲರ ಹತ್ತಿರ ಹೋಗಿ. ಮೊದಲ ದಿನ ‘ನಾಟ್ ಗಿಲ್ಟಿ’ ಎಂದರೆ ಜಡ್ಜ್ ಕೋಪಿಸಿಕೊಳ್ಳುವುದಿಲ್ಲ. ಅದು ಸುಳ್ಳು ಹೇಳಿದಂತೆಯೂ ಅಲ್ಲ. ಸಾಬೀತು ಮಾಡಿ ಎಂದು ಕೇಳುವುದು ನಿಮ್ಮ ಹಕ್ಕು.

ದುಭಾಷಿ ಬೇಕೆಂದು ಮೊದಲೇ ಹೇಳಿ. ಮಗಳು ಇಂಗ್ಲಿಷ್ ಬಲ್ಲವಳು ಎಂದು ಅವಳನ್ನೇ ನಿಲ್ಲಿಸಬೇಡಿ, ಅವಳು ಅಳುತ್ತಾಳೋ ಭಾಷಾಂತರ ಮಾಡುತ್ತಾಳೋ? ಜಡ್ಜ್ ‘ಅರ್ಥವಾಯಿತೇ?’ ಎಂದು ಮತ್ತೆ ಮತ್ತೆ ಕೇಳುತ್ತಾರೆ. ನಮ್ಮ ಹಿರಿಯರು ದೊಡ್ಡವರೆದುರು ಇಲ್ಲ ಎನ್ನಬಾರದೆಂದು ಸುಮ್ನೆ ತಲೆ ಆಡಿಸುತ್ತಾರೆ. ಆಮೇಲೆ ಬಾಯಿಬಿಟ್ಟು ‘ಹೌದು’ ಎನ್ನುತ್ತಾರೆ. ನಾನು ಅದನ್ನು ಇಂಗ್ಲಿಷಿಗೆ ಹೇಳುತ್ತೇನೆ, ದಾಖಲಾಗುತ್ತದೆ. ಅರ್ಥವಾಗದಿದ್ದರೆ ‘ಇಲ್ಲ, ಇನ್ನೊಮ್ಮೆ ಹೇಳಿ, ವಕೀಲರ ಹತ್ತಿರ ಮಾತಾಡಬೇಕು’ ಎನ್ನಿ.

ಹೆಜ್ಜೆ 7: ಮೇಲ್ಮನವಿ

ಮೇಲಿನ ಕೋರ್ಟಿನಲ್ಲಿ ಸಾಕ್ಷಿ ಮತ್ತೆ ಕೇಳುವುದಿಲ್ಲ, ಕೆಳಗೆ ಕಾನೂನು ತಪ್ಪಾಯಿತೇ ಎಂದಷ್ಟೇ ನೋಡುತ್ತಾರೆ. ಮೇಲ್ಮನವಿ ಹಾಕಲು ಗಡುವು ಫೆಡರಲ್ ಕ್ರಿಮಿನಲ್ ಕೇಸಿಗೆ 14 ದಿನ, ಸಿವಿಲ್‌ಗೆ ಸಾಮಾನ್ಯವಾಗಿ 30 ದಿನ. ರಾಜಿ ಮಾಡಿಕೊಂಡು ತಪ್ಪೊಪ್ಪಿದವರು ಆ ಹಕ್ಕನ್ನು ಬಹುಪಾಲು ಅದೇ ಕಾಗದದಲ್ಲಿ ಬಿಟ್ಟುಕೊಟ್ಟಿರುತ್ತಾರೆ. ಸಹಿ ಹಾಕುವ ಮೊದಲು ಆ ಸಾಲು ಎಲ್ಲಿದೆ ಎಂದು ವಕೀಲರಿಂದ ಬೆರಳಿಟ್ಟು ತೋರಿಸಿಕೊಳ್ಳಿ.