ಮುಖದ ನೋವಿನವರಿಗೆ ನಾನು ಎಂಆರ್‌ಐ ಮಾಡುವ ರೀತಿ

ಬಳ್ಳಾರಿಯ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ನಾನು ಎಂಆರ್‌ಐ ಟೆಕ್ನಿಷಿಯನ್. ಸಿರುಗುಪ್ಪ, ಸಂಡೂರು, ಕುರುಗೋಡು ಕಡೆಯಿಂದ ಮುಖದ ನೋವಿನವರು ಬಂದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಮಾತಾಡುವಾಗಲೂ ಬಾಯಿ ಪೂರ್ತಿ ತೆರೆಯುವುದಿಲ್ಲ. "ಕರೆಂಟ್ ಹೊಡ್ದಂಗ ಆಗ್ತೈತ್ರಿ" ಅನ್ನುತ್ತಾರೆ. ರೊಟ್ಟಿ ಅಗಿದರೆ, ಹಲ್ಲುಜ್ಜಿದರೆ, ಸುಮ್ನೆ ಗಾಳಿ ಬಡಿದರೂ ಸಾಕು. ಹಲ್ಲುನೋವೇ ಇರಬೇಕೆಂದು ಗಟ್ಟಿ ಹಲ್ಲು ಕೀಳಿಸಿಕೊಂಡು ಬಂದವರೂ ಇದ್ದಾರೆ. ಇದು ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಮುಖದಿಂದ ಮೆದುಳಿಗೆ ಹೋಗುವ ಐದನೇ ನರದ ತೊಂದರೆ.

ನಾನು ಮೊದಲು ಚೀಟಿ ನೋಡುತ್ತೇನೆ. ಬರೀ 'ಎಂಆರ್‌ಐ ಬ್ರೇನ್' ಅಂತ ಇದ್ದರೆ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಮಾಮೂಲಿ ಸ್ಕ್ಯಾನಿನಲ್ಲಿ ಚಿತ್ರದ ಒಂದೊಂದು ಪದರ ಸುಮಾರು 5 ಮಿಲಿಮೀಟರ್ ದಪ್ಪ. ಈ ನರದ ಬುಡಕ್ಕೆ ರಕ್ತನಾಳ ಒತ್ತಿಕೊಂಡಿದೆಯಾ ಅಂತ ನೋಡಲು 1 ಮಿಲಿಮೀಟರಿಗಿಂತ ತೆಳು ಪದರ ಬೇಕು. ಆ ಭಾಗವನ್ನು ನಾನು ಮೊದಲೇ ತೆಗೆದುಬಿಡುತ್ತೇನೆ. ಆಮೇಲೆ ನೋವು ಬಂದು ತಲೆ ಅಲುಗಾಡಿದರೂ ಮುಖ್ಯವಾದದ್ದು ಕೈಗೆ ಸಿಕ್ಕಿರುತ್ತದೆ.

ತಯಾರಿಗೇ ಜಾಸ್ತಿ ಹೊತ್ತು ಕೊಡುತ್ತೇನೆ. ಮೂಗುತಿ ಬಿಚ್ಚಲೇಬೇಕು, ಚಿನ್ನದ್ದಾದರೂ. ಆದರೆ ಹಲವರಿಗೆ ಮೂಗಿನ ಪಕ್ಕದ ಜಾಗ ಮುಟ್ಟಿದರೇ ನೋವು ಏಳುತ್ತದೆ. ಅದಕ್ಕೇ ನಾನಾಗಲಿ ಆಯಾ ಆಗಲಿ ಕೈ ಹಾಕುವುದಿಲ್ಲ. ಹೊರಗಡೆಯೇ ಕನ್ನಡಿ ಕೊಟ್ಟು, "ಅವಸರ ಬೇಡಮ್ಮ, ನೀವೇ ಬಿಚ್ಚಿ" ಅನ್ನುತ್ತೇನೆ. ತಿರುಪು ಬಿಗಿಯಾಗಿದ್ದರೆ ಒಂದು ಸಲ ನೋವು ಹೊಡೆದು ಇಳಿಯುವವರೆಗೂ ಕಾಯುತ್ತೇವೆ. ಈ ನೋವಿಗೆ ಡಾಕ್ಟರು ಕೊಡುವ ಕಾರ್ಬಮಜೆಪೈನ್ ಮಾತ್ರೆಯನ್ನು ಸ್ಕ್ಯಾನ್ ಇದೆ ಅಂತ ಬಿಟ್ಟು ಬರಬೇಡಿ ಎಂದು ಮೊದಲೇ ಹೇಳಿರುತ್ತೇನೆ. ಒಳಗೆ ಮಲಗಿಸಿದ ಮೇಲೆ ಮೆಷಿನ್ನಿನ ಫ್ಯಾನ್ ಆಫ್ ಮಾಡುತ್ತೇನೆ. ಬಳ್ಳಾರಿ ಬಿಸಿಲಿನಿಂದ ಬಂದವರಿಗೆ ಆ ತಂಗಾಳಿ ಹಿತ, ಇವರಿಗೆ ಮಾತ್ರ ಅದೇ ಚುಚ್ಚುತ್ತದೆ. ತಲೆಗೆ ಇಡುವ ಸ್ಪಂಜು ನೋವಿರುವ ಕೆನ್ನೆಗೆ ತಾಗದಂತೆ ಹಿಂದಕ್ಕೆ ಸರಿಸುತ್ತೇನೆ.

ರಿಪೋರ್ಟ್ ನಾರ್ಮಲ್ ಬಂದಾಗ ನನಗೆ ಸಂಕಟವಾಗುವುದು ಮನೆಯವರ ಮಾತಿಗೆ. "ಏನೂ ಇಲ್ಲಂತಲ್ರೀ, ಸುಳ್ಳೇ ನರಳ್ತಾಳ" ಅಂತ ರೋಗಿಯ ಎದುರೇ ಅಂದುಬಿಡುತ್ತಾರೆ. ನಾನು ಅವರನ್ನು ಕೂರಿಸಿಕೊಂಡು ಹೇಳುತ್ತೇನೆ: ನಾವು ತೆಗೆದದ್ದು ಗಡ್ಡೆ ಇದೆಯಾ, ನರ ಒತ್ತಿದೆಯಾ ಅಂತ ತಿಳಿಯುವ ಚಿತ್ರ. ನೋವಿನ ಚಿತ್ರ ಅಲ್ಲ. ರಕ್ತನಾಳ ನರಕ್ಕೆ ತಾಗಿದ್ದೂ ನೋವೇ ಇಲ್ಲದವರಿದ್ದಾರೆ.

ಮೆದುಳು ನೋವನ್ನು ಹೇಗೆ ಸಂಭಾಳಿಸುತ್ತದೆ ಅಂತ ನೋಡಲು ಸಂಶೋಧಕರು ಫಂಕ್ಷನಲ್ ಎಂಆರ್‌ಐ ಬಳಸುತ್ತಾರೆ. ಆಕ್ಸಿಜನ್ ತುಂಬಿದ ರಕ್ತ, ಆಕ್ಸಿಜನ್ ಕಳೆದುಕೊಂಡ ರಕ್ತ ಎಂಆರ್‌ಐ ಮೆಷಿನ್ನಿನ ಅಯಸ್ಕಾಂತದೊಳಗೆ ಬೇರೆ ಬೇರೆಯಾಗಿ ಕಾಣುತ್ತವೆ ಎಂದು ಜಪಾನಿನ ವಿಜ್ಞಾನಿ ಸೇಜಿ ಒಗಾವಾ ಮತ್ತು ಜೊತೆಗಾರರು 1990ರಲ್ಲಿ ತೋರಿಸಿದರು. ಅದರಿಂದ ಮೆದುಳಿನ ಯಾವ ಭಾಗಕ್ಕೆ ಕೆಲಸ ಜಾಸ್ತಿಯಾಗಿದೆ ಅಂತ ಊಹಿಸಬಹುದು. ನೋವಿಗೆ ಅಂತ ಒಂದೇ ಜಾಗ ಇಲ್ಲ. ಮೆದುಳಿನ ಥಲಾಮಸ್, ಇನ್ಸುಲಾ, ಸಿಂಗುಲೇಟ್ ಅನ್ನುವ ಭಾಗಗಳು, ಸ್ಪರ್ಶ ತಿಳಿಯುವ ಭಾಗ ಎಲ್ಲವೂ ಸೇರುತ್ತವೆ. ಬಹುಕಾಲ ಮುಖದ ನೋವು ಉಂಡವರಲ್ಲಿ ಈ ಭಾಗಗಳ ರಚನೆ, ಕೆಲಸ ಎರಡರಲ್ಲೂ ವ್ಯತ್ಯಾಸ ಕಂಡಿದೆ. ಆದರೆ ಅದು ಗುಂಪುಗಳನ್ನು ಹೋಲಿಸಿದಾಗ ಕಾಣುವ ಮಾತು. ಒಬ್ಬರನ್ನು ಮಲಗಿಸಿ ಇವರಿಗೆ ಇಷ್ಟು ನೋವಿದೆ ಅಂತ ಅಳೆಯುವ ಸ್ಕ್ಯಾನ್ ಎಲ್ಲೂ ಇಲ್ಲ.

ಡಾಕ್ಟರು ಈ ಕಾಯಿಲೆ ಗುರುತಿಸುವುದೇ ಮುಖ್ಯವಾಗಿ ರೋಗಿ ಹೇಳಿದ್ದರಿಂದ. ಅದಕ್ಕೇ ರಿಪೋರ್ಟ್ ಕೊಡುವಾಗ ಒಂದು ಹಾಳೆಯನ್ನೂ ಕೊಡುತ್ತೇನೆ. ಯಾವ ಕಡೆ, ಏನು ಮಾಡಿದಾಗ, ಎಷ್ಟು ಸೆಕೆಂಡ್ ನೋವು ಬರುತ್ತದೆ ಅಂತ ರೋಗಿ ಹೇಳಿದಂತೆಯೇ ಬರೆದುಕೊಂಡು ನರರೋಗದ ಡಾಕ್ಟರಿಗೆ ತೋರಿಸಿ ಎನ್ನುತ್ತೇನೆ.