ಮೂರು ಕುರ್ಚಿಯ ಸೆಲೂನ್: ಹಾಕುವುದೆಷ್ಟು, ಉಳಿಯುವುದೆಷ್ಟು

ಉಡುಪಿಯಲ್ಲಿ ಸಣ್ಣ ಅಂಗಡಿಗಳ ಲೆಕ್ಕಪತ್ರ ಬರೆದುಕೊಡುವುದು ನನ್ನ ವೃತ್ತಿ. ನನ್ನ ಕೈಗೆ ಬಂದ ಸೆಲೂನುಗಳ ಪುಸ್ತಕಗಳಲ್ಲಿ ಒಂದೇ ತಪ್ಪನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕತ್ತರಿ ಹಿಡಿಯುವ ಕೈ ಚೆನ್ನಾಗಿರುತ್ತದೆ, ಗಿರಾಕಿಗಳೂ ಬರುತ್ತಾರೆ, ಆದರೆ ಮಾಲೀಕರು ತಮ್ಮ ದುಡಿಮೆಯ ಕೂಲಿಯನ್ನೂ ಕುರ್ಚಿ, ಯಂತ್ರಗಳ ಸವಕಳಿಯನ್ನೂ ಲಾಭವೆಂದೇ ತಿಳಿದು ಖರ್ಚು ಮಾಡಿಬಿಟ್ಟಿರುತ್ತಾರೆ. ಎರಡನೆಯ ಮಳೆಗಾಲ ಬರುವಾಗ ಬಾಡಿಗೆಗೆ ಹಣವಿರುವುದಿಲ್ಲ. ಆದ್ದರಿಂದ ಇಲ್ಲಿ ಸುಲಭದ ಹಂತಗಳನ್ನು ಬೇಗ ಮುಗಿಸಿ, ತಿಂಗಳ ಲೆಕ್ಕವನ್ನು ಬಿಡಿಸಿ ಹೇಳಿದ್ದೇನೆ. ಕೆಳಗಿನ ಮೊತ್ತಗಳೆಲ್ಲ ಪೇಟೆಯ ಅಂಚಿನಲ್ಲಿ ಸುಮಾರು 250 ಚದರಡಿಯ ಮೂರು ಕುರ್ಚಿಯ ಅಂಗಡಿಯೊಂದಕ್ಕೆ ಉದಾಹರಣೆಯಾಗಿ ಹಿಡಿದವು. ನಿಮ್ಮ ಬೀದಿಯ ಬಾಡಿಗೆಯನ್ನೂ ದರವನ್ನೂ ಆ ಜಾಗದಲ್ಲಿಟ್ಟು ಮತ್ತೊಮ್ಮೆ ಲೆಕ್ಕ ಹಾಕಿಕೊಳ್ಳಬೇಕು.

1. ಜಾಗ ನೋಡುವುದು

ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಆ ಜಾಗದ ಎದುರು ಮೂರು ಹೊತ್ತು ಕುಳಿತು ತಲೆ ಎಣಿಸಬೇಕು: ಒಂದು ಭಾನುವಾರ ಬೆಳಿಗ್ಗೆ, ವಾರದ ನಡುವಿನ ಒಂದು ಮಧ್ಯಾಹ್ನ, ಒಂದು ಸಂಜೆ. ಹತ್ತಿರದ ಸೆಲೂನಿಗೆ ಎಷ್ಟು ಜನ ಹೋದರು ಎಂಬುದಕ್ಕಿಂತ, ಬೆಂಚಿನಲ್ಲಿ ಜಾಗವಿಲ್ಲದೆ ಎಷ್ಟು ಜನ ಹಿಂದಿರುಗಿದರು ಎಂಬುದನ್ನು ಬರೆದುಕೊಳ್ಳಿ, ಏಕೆಂದರೆ ನಿಮ್ಮ ಮೊದಲ ತಿಂಗಳ ಗಿರಾಕಿಗಳು ಅವರೇ. ಮಣಿಪಾಲದ ಟೈಗರ್ ಸರ್ಕಲ್, ದೇರಳಕಟ್ಟೆ, ಸುರತ್ಕಲ್‌ನ ಎನ್‌ಐಟಿಕೆ ಸುತ್ತಮುತ್ತ ವಿದ್ಯಾರ್ಥಿಗಳ ಸಂದಣಿ ನೋಡಿ ಮನಸೋಲುವವರು ಬಹಳ. ಆದರೆ ಕಾಲೇಜಿಗೆ ರಜೆ ಬಿದ್ದ ವಾರಗಳಲ್ಲಿ ಅದೇ ಬೀದಿ ಬರಿದಾಗುತ್ತದೆ, ಬಾಡಿಗೆ ಮಾತ್ರ ಒಂದು ರೂಪಾಯಿಯೂ ಇಳಿಯುವುದಿಲ್ಲ. ಮೊದಲ ಅಂಗಡಿಗೆ ನಾನು ಸೂಚಿಸುವುದು ಸಂತೆಕಟ್ಟೆ, ಪರ್ಕಳ, ಕಾವೂರು, ಶಕ್ತಿನಗರದಂತಹ ಮನೆಗಳಿರುವ ಪ್ರದೇಶಗಳನ್ನು. ಅಲ್ಲಿ ಅಜ್ಜ, ಅಪ್ಪ, ಮಗ ಮೂವರೂ ಒಂದೇ ಅಂಗಡಿಗೆ ಬರುತ್ತಾರೆ, ಒಮ್ಮೆ ಕೈಗುಣ ಹಿಡಿಸಿದರೆ ವರ್ಷಗಟ್ಟಲೆ ಬರುತ್ತಾರೆ. ಮೊದಲ ಮಹಡಿಯ ಕೋಣೆ ಅಗ್ಗವಾಗಿ ಸಿಕ್ಕಿದರೂ ಬೇಡ. ಮೆಟ್ಟಿಲು ಹತ್ತಲಾರದ ಹಿರಿಯರು ತಾವು ಬಾರದಿರುವುದು ಮಾತ್ರವಲ್ಲ, ಮೊಮ್ಮಕ್ಕಳನ್ನೂ ಬೇರೆ ಕಡೆಗೆ ಕರೆದೊಯ್ಯುತ್ತಾರೆ.

2. ಪರವಾನಗಿ

ಮಹಾನಗರ ಪಾಲಿಕೆ, ನಗರಸಭೆ ಅಥವಾ ಗ್ರಾಮ ಪಂಚಾಯತಿಯಿಂದ ಉದ್ದಿಮೆ ಪರವಾನಗಿ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ತೆರೆದ 30 ದಿನಗಳೊಳಗೆ ನೋಂದಣಿ, ಮೆಸ್ಕಾಂನಿಂದ ವಾಣಿಜ್ಯ ದರದ ವಿದ್ಯುತ್ ಸಂಪರ್ಕ ಪಡೆದುಕೊಳ್ಳಿ. ಗೃಹಬಳಕೆಯ ಮೀಟರಿನಲ್ಲಿಯೇ ಅಂಗಡಿ ನಡೆಸಬಹುದೆಂದು ಕಟ್ಟಡದ ಮಾಲೀಕರು ಹೇಳಿದರೆ ಒಪ್ಪಬೇಡಿ. ದಂಡ ಬಿದ್ದ ದಿನ ಅದನ್ನು ಕಟ್ಟಬೇಕಾದವರು ನೀವು.

3. ಒಳಗಿನ ಕೆಲಸ ಮತ್ತು ಸಾಮಾನು

ಬೆಂಗಳೂರಿನ ಸೆಲೂನಿನ ಚಿತ್ರ ತೋರಿಸಿ ಅದೇ ರೀತಿ ಮಾಡಿಸುವವರು ನಮ್ಮ ಕರಾವಳಿಯ ಹವೆಯನ್ನು ಮರೆಯುತ್ತಾರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಪ್ಪಿನ ಗಾಳಿ ಬೀಸುವ ಊರು ಇದು. ಮರದ ಪುಡಿಯನ್ನು ಒತ್ತಿ ಮಾಡಿದ ಅಗ್ಗದ ಹಲಗೆಯ ಕಪಾಟು ಮೊದಲ ಆಷಾಢದಲ್ಲೇ ಉಬ್ಬುತ್ತದೆ. ಕೆಂಪುಕಲ್ಲಿನ ಗೋಡೆಗೆ ನೇರವಾಗಿ ಅಂಟಿಸಿದ ಕನ್ನಡಿಯ ಹಿಂಬದಿಯ ಲೇಪ ತೇವಕ್ಕೆ ಕಪ್ಪಾಗುತ್ತದೆ, ಆದ್ದರಿಂದ ಗೋಡೆಗೂ ಕನ್ನಡಿಗೂ ನಡುವೆ ಅರ್ಧ ಅಂಗುಲ ಗಾಳಿಯಾಡುವ ಜಾಗ ಬಿಡಿಸಬೇಕು. ಕೌಂಟರಿಗೆ ಗ್ರಾನೈಟ್ ಕಲ್ಲು, ಕಪಾಟಿಗೆ ಪಿವಿಸಿ ಹಲಗೆ ಅಥವಾ ಅಲ್ಯೂಮಿನಿಯಂ ಸಾಕು. ಎಸಿ ಕೊಳ್ಳುವಾಗ ತಾಮ್ರದ ಕಾಯಿಲ್ ಇರುವುದನ್ನೇ ಕೇಳಿ. ಹೈಡ್ರಾಲಿಕ್ ಕುರ್ಚಿಯ ಬುಡ ತುಕ್ಕು ಹಿಡಿಯದ ಉಕ್ಕಿನದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಹೊಳೆಯುವ ಲೇಪ ಮಾತ್ರ ಇರುವ ಬುಡ ಎರಡು ಮಳೆಗಾಲದಲ್ಲಿ ತುಕ್ಕಿನ ವೃತ್ತವನ್ನು ನೆಲದ ಮೇಲೆ ಉಳಿಸಿ ಹೋಗುತ್ತದೆ.

ನೀಲಿ ದೀಪದ ಸಣ್ಣ ಸ್ಟೆರಿಲೈಸರ್ ಪೆಟ್ಟಿಗೆಯ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಬೇಕು. ಅತಿನೇರಳೆ ಕಿರಣ ಬಿದ್ದ ಮೇಲ್ಮೈ ಮಾತ್ರ ಶುದ್ಧವಾಗುತ್ತದೆ. ಕತ್ತರಿಯ ಅಡಿಭಾಗ, ಬಾಚಣಿಗೆಯ ಹಲ್ಲುಗಳ ಸಂದು ಹಾಗೆಯೇ ಉಳಿಯುತ್ತವೆ. ಸೋಪಿನ ನೀರಿನಲ್ಲಿ ತೊಳೆದು ಸೋಂಕು ನಿವಾರಕ ದ್ರಾವಣದಲ್ಲಿ ಮುಳುಗಿಸಿಡುವುದು ಅಗ್ಗವೂ ಹೌದು, ಸರಿಯೂ ಹೌದು. ಪ್ರತಿ ಗಿರಾಕಿಗೆ ಹೊಸ ಬ್ಲೇಡ್ ಹಾಕುವುದರಲ್ಲಿ ಉಳಿತಾಯದ ಯೋಚನೆಯೇ ಬೇಡ, ಏಕೆಂದರೆ ಹೆಪಟೈಟಿಸ್ ಬಿ, ಸಿ ರೋಗಾಣುಗಳು ರಕ್ತದ ಮೂಲಕ ಹರಡುತ್ತವೆ. ಹೆಸರಿಲ್ಲದ ಕಪ್ಪು ಬಣ್ಣದ ಪುಡಿಯನ್ನು ಕಿಲೋ ಲೆಕ್ಕದಲ್ಲಿ ತಂದು ತಲೆಗೆ ಹಚ್ಚುವುದನ್ನೂ ನೋಡಿದ್ದೇನೆ. ಒಬ್ಬ ಗಿರಾಕಿಯ ಮುಖ ಊದಿಕೊಂಡರೆ ಆ ಬೀದಿಯಲ್ಲಿ ಅಂಗಡಿಯ ಹೆಸರು ಹೋಯಿತು. ಬಣ್ಣ ಯಾವುದೇ ಆಗಿರಲಿ, 48 ಗಂಟೆ ಮೊದಲು ಕಿವಿಯ ಹಿಂಭಾಗದಲ್ಲಿ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು.

ಇನ್ನು ಮೊತ್ತ. ತಿಂಗಳಿಗೆ 15,000 ರೂಪಾಯಿ ಬಾಡಿಗೆಯ ಜಾಗಕ್ಕೆ ಹತ್ತು ತಿಂಗಳ ಮುಂಗಡ 1,50,000, ಮೂರು ಕುರ್ಚಿಗೆ 54,000, ಕನ್ನಡಿ, ಕೌಂಟರ್, ನೆಲ, ದೀಪಗಳಿಗೆ 1,60,000, ನಲ್ಲಿ ಕೆಲಸ ಮತ್ತು ತಲೆ ತೊಳೆಯುವ ಬೇಸಿನ್‌ಗೆ 35,000, ಎಸಿಗೆ 45,000, ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವುದರಿಂದ ಇನ್ವರ್ಟರಿಗೆ 28,000, ಟ್ರಿಮ್ಮರ್, ಕತ್ತರಿ, ಟವೆಲ್, ಹೊದಿಕೆಗಳಿಗೆ 40,000, ಮೊದಲ ದಾಸ್ತಾನಿಗೆ 20,000, ಫಲಕ, ವೈರಿಂಗ್, ಪರವಾನಗಿಗೆ 38,000. ಒಟ್ಟು 5,70,000. ಇದರ ಮೇಲೆ ಒಂದು ಲಕ್ಷವನ್ನು ಬೇರೆಯೇ ಖಾತೆಯಲ್ಲಿ ಮುಟ್ಟದೆ ಇಡಬೇಕು. ಆ ಲಕ್ಷವನ್ನು ಮೇಲ್ಛಾವಣಿಯ ಅಲಂಕಾರಕ್ಕೆ ಸುರಿದವರು ಮೂರನೆಯ ತಿಂಗಳಿನಲ್ಲಿ ಕೈಸಾಲಕ್ಕೆ ಓಡಾಡಿದ್ದನ್ನು ಕಂಡಿದ್ದೇನೆ. ಅಲ್ಲಿಗೆ ಬೇಕಾದ ಬಂಡವಾಳ 6,70,000 ರೂಪಾಯಿ. ಇದರಲ್ಲಿ 3 ಲಕ್ಷ ಸಾಲವೆಂದು ಇಟ್ಟುಕೊಳ್ಳೋಣ.

4. ತಿಂಗಳ ಲೆಕ್ಕ

ಎಲ್ಲರೂ ಎಡವುವುದು ಈ ಹಂತದಲ್ಲಿ. ಮೊದಲು, ಗಿರಾಕಿ ಬಂದರೂ ಬಾರದಿದ್ದರೂ ತಪ್ಪದ ಖರ್ಚನ್ನು ಬರೆಯಿರಿ. ಬಾಡಿಗೆ 15,000, ವಿದ್ಯುತ್ 5,000, ನೀರು, ಬಟ್ಟೆ ಒಗೆಸುವುದು, ಫೋನ್ ಸೇರಿ 4,000, ಕೆಲಸಗಾರರ ವಸತಿ ಕೋಣೆಗೆ 6,000, ಶೇ 12ರಂತೆ ಸಾಲದ ಬಡ್ಡಿ 3,000. ನೀರಿನ ಬಾಬತ್ತನ್ನು ಹಗುರವಾಗಿ ಕಾಣಬೇಡಿ. 2019ರ ಬೇಸಿಗೆಯಲ್ಲಿ ತುಂಬೆ, ಬಜೆ ಎರಡೂ ಅಣೆಕಟ್ಟುಗಳಲ್ಲಿ ನೀರು ತಳ ಕಂಡು ಮಂಗಳೂರು, ಉಡುಪಿ ಎರಡು ಕಡೆಯೂ ಸರದಿ ಪ್ರಕಾರ ನೀರು ಬಿಟ್ಟರು, ತಲೆ ತೊಳೆಯುವ ಅಂಗಡಿಗಳು ಟ್ಯಾಂಕರಿಗೆ ಹಣ ತೆತ್ತವು. ಇಷ್ಟಕ್ಕೆ 33,000 ಆಯಿತು. ಇದರ ಮೇಲೆ ಯಾರೂ ಬರೆಯದ ಒಂದು ಸಾಲು ಇದೆ, ಸವಕಳಿ. ಮುಂಗಡವನ್ನು ಬಿಟ್ಟರೆ ನೀವು ಹಾಕಿದ 4,20,000 ರೂಪಾಯಿಯ ಸಾಮಾನು ಐದು ವರ್ಷ ಬಾಳಿದರೆ ತಿಂಗಳಿಗೆ 7,000 ಸವೆಯುತ್ತದೆ. ಹೀಗೆ ಸ್ಥಿರ ಖರ್ಚು 40,000 ರೂಪಾಯಿ.

ಎರಡನೆಯದು, ಗಿರಾಕಿಯ ಜೊತೆಗೇ ಬರುವ ಖರ್ಚು. ಕೆಲಸಗಾರನಿಗೆ ಅವನ ಕುರ್ಚಿಯ ಆದಾಯದಲ್ಲಿ ಅರ್ಧ ಪಾಲು ಎಂದಿಟ್ಟುಕೊಂಡರೆ ನೂರು ರೂಪಾಯಿಯಲ್ಲಿ 50 ಅವನದು, ಸುಮಾರು 10 ಬ್ಲೇಡ್, ಕ್ರೀಮ್, ಶಾಂಪೂಗೆ. ಅಂಗಡಿಗೆ ಉಳಿಯುವುದು 40. ನೀವೂ ಒಂದು ಕುರ್ಚಿಯಲ್ಲಿ ನಿಂತು ಕೆಲಸ ಮಾಡುವವರಾದರೆ ನಿಮಗೂ ಇದೇ ಅರ್ಧ ಪಾಲನ್ನು ಕೂಲಿಯೆಂದು ಬರೆಯಲೇಬೇಕು, ಏಕೆಂದರೆ ಇನ್ನೊಬ್ಬರ ಅಂಗಡಿಯಲ್ಲಿ ದುಡಿದಿದ್ದರೂ ಆ ಹಣ ನಿಮಗೆ ಬರುತ್ತಿತ್ತು.

ಅಂದರೆ ಪ್ರತಿ ರೂಪಾಯಿಯಲ್ಲಿ ಅಂಗಡಿಗೆ 40 ಪೈಸೆ. ಈಗ ಸ್ಥಿರ ಖರ್ಚಿನ 40,000ವನ್ನು ಈ 40 ಪೈಸೆಯಿಂದ ಭಾಗಿಸಿದರೆ, ಖರ್ಚು ಸರಿದೂಗಲು ಬೇಕಾದ ಆದಾಯ ತಿಂಗಳಿಗೆ ಒಂದು ಲಕ್ಷ. ಮಂಗಳವಾರದ ರಜೆ ಕಳೆದು 26 ದಿನ ಬಾಗಿಲು ತೆರೆದು, ಕಟಿಂಗ್, ಶೇವಿಂಗ್ ಎಲ್ಲ ಸೇರಿ ತಲೆಗೆ ಸರಾಸರಿ 150 ರೂಪಾಯಿ ಬಂದರೆ, ದಿನಕ್ಕೆ 26 ಗಿರಾಕಿಗಳಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಈ 26 ಎಂಬ ಅಂಕಿಯನ್ನು ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಬರೆದು ಅಂಟಿಸಿಕೊಳ್ಳಿ ಎಂದು ನನ್ನಲ್ಲಿಗೆ ಬಂದವರಿಗೆಲ್ಲ ಹೇಳುತ್ತೇನೆ.

ದಿನಕ್ಕೆ 35 ಜನ ಬಂದ ಒಳ್ಳೆಯ ತಿಂಗಳನ್ನು ನೋಡೋಣ. ಒಟ್ಟು ಆದಾಯ 1,36,500. ಮೂರು ಕುರ್ಚಿಗೂ ಸಮ ಆದಾಯ, ಒಂದರಲ್ಲಿ ನೀವೇ ಎಂದು ಹಿಡಿದರೆ ಇಬ್ಬರು ಕೆಲಸಗಾರರ ಪಾಲು 45,500, ಸಾಮಗ್ರಿ 13,650, ನಗದು ಖರ್ಚು 33,000 ಕಳೆದರೆ ಕೈಯಲ್ಲಿ 44,350 ಉಳಿಯುತ್ತದೆ. ಮಾಲೀಕರು ಇದನ್ನೇ ಲಾಭವೆಂದು ಮನೆಗೆ ಒಯ್ಯುತ್ತಾರೆ. ನಿಜದಲ್ಲಿ ಇದರಲ್ಲಿ 22,750 ನಿಮ್ಮ ಕೂಲಿ, 7,000 ಸವಕಳಿ, ಅಂಗಡಿಯ ಲಾಭ 14,600 ಮಾತ್ರ. ಆ ಸವಕಳಿಯ ಏಳು ಸಾವಿರದಲ್ಲಿಯೇ ಐದು ವರ್ಷದ ಸಾಲದ ಅಸಲು ತಿಂಗಳಿಗೆ 5,000 ಕಟ್ಟಬೇಕು. ಉಳಿದ 2,000ವನ್ನು ಮುಂದಿನ ಟ್ರಿಮ್ಮರಿಗೆ, ಕುರ್ಚಿಯ ರಿಪೇರಿಗೆ ಎತ್ತಿಡಬೇಕು.

ಒಳ್ಳೆಯ ತಿಂಗಳುಗಳು ಮಾತ್ರ ಇರುವುದಿಲ್ಲ. ನವೆಂಬರ್ ಮಧ್ಯದಿಂದ ಅಯ್ಯಪ್ಪ ಮಾಲೆ ಧರಿಸಿದವರು ವ್ರತ ಮುಗಿಯುವ ತನಕ ತಲೆಗೂದಲು, ಗಡ್ಡ ತೆಗೆಸುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಇದು ಅಂಗಡಿಯ ಲೆಕ್ಕದಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ಸಂಖ್ಯೆ. ತುಳುವರ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಮದುವೆಗಳಿಲ್ಲ, ಮೇಲಿಂದ ಜಡಿಮಳೆ. ಇಂತಹ ತಿಂಗಳಿನಲ್ಲಿ ದಿನಕ್ಕೆ 20 ಜನ ಬಂದರೆ ಅಂಗಡಿಗೆ 8,800 ನಷ್ಟ. ಆದರೆ ನಿಮ್ಮ ಕೂಲಿ ಮತ್ತು ಸವಕಳಿ ಸೇರಿ ಕೈಯಲ್ಲಿ 11,200 ಕಾಣುವುದರಿಂದ ನಷ್ಟವಾದದ್ದೇ ತಿಳಿಯುವುದಿಲ್ಲ. ಹೊಸ ಅಂಗಡಿಯ ಆರಂಭದಲ್ಲಿ 15 ಜನ ಮಾತ್ರ ಬಂದರೆ ಇಡೀ ತಿಂಗಳು ನಿಂತು ದುಡಿದದ್ದಕ್ಕೆ ಕೈಯಲ್ಲಿ ಉಳಿಯುವುದು 150 ರೂಪಾಯಿ. ಬೇರೆ ಖಾತೆಯಲ್ಲಿಡಲು ಹೇಳಿದ ಒಂದು ಲಕ್ಷ ಆ ತಿಂಗಳುಗಳ ಮನೆಖರ್ಚಿಗೆ.

ಎಂಟು ಒಳ್ಳೆಯ ತಿಂಗಳು, ನಾಲ್ಕು ಸಪ್ಪೆ ತಿಂಗಳು ಎಂದು ಹಿಡಿದರೆ ವರ್ಷದ ವಹಿವಾಟು 14,04,000, ಅಂಗಡಿಯ ನಿಜವಾದ ಲಾಭ 81,600. ಹಾಕಿದ ಬಂಡವಾಳಕ್ಕೆ ಶೇ 12ರಷ್ಟು. ಇದರ ಜೊತೆಗೆ ನಿಮ್ಮ ಕೂಲಿ ತಿಂಗಳಿಗೆ ಸರಾಸರಿ 19,500 ಬರುತ್ತದೆ. ಕತ್ತರಿ ಹಿಡಿಯಲು ಬಾರದವರು ಬರೇ ಹಣ ಹೂಡಿ ಸೆಲೂನ್ ತೆರೆಯುವುದನ್ನು ನಾನು ಬೇಡವೆನ್ನುವುದು ಇದಕ್ಕೇ. ಅವರಿಗೆ ಈ 19,500 ಬರುವುದಿಲ್ಲ, ಕೆಲಸಗಾರ ರಜೆ ಹಾಕಿದ ದಿನ ಕುರ್ಚಿಯ ಬಳಿ ನಿಲ್ಲುವವರೂ ಇರುವುದಿಲ್ಲ.

ಲಾಭ ಹೆಚ್ಚಿಸಲು ನಾಲ್ಕನೆಯ ಕುರ್ಚಿ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಭಾನುವಾರ ಮಾತ್ರ ತುಂಬುವ ಕುರ್ಚಿಗೆ ವಾರವಿಡೀ ಕೆಲಸಗಾರನನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಅದರ ಬದಲು ವರ್ಷಕ್ಕೊಮ್ಮೆ ದರ ಪರಿಷ್ಕರಿಸಿ. ತಲೆಗೆ 15 ರೂಪಾಯಿ ಹೆಚ್ಚಿ ಗಿರಾಕಿಗಳ ಸಂಖ್ಯೆ ಹಾಗೆಯೇ ಉಳಿದರೆ ವರ್ಷದ ಲಾಭಕ್ಕೆ 56,160 ಸೇರುತ್ತದೆ. ಪಕ್ಕದ ಅಂಗಡಿಯವರಿಗಿಂತ ಹತ್ತು ರೂಪಾಯಿ ಕಡಿಮೆ ಎಂದು ಫಲಕ ಹಾಕಿ ಆರಂಭಿಸುವವರು ಮುಂದೆ ಏರಿಸಲು ಬಹಳ ಕಷ್ಟಪಡುತ್ತಾರೆ. ಹಾಗೆ ಮಾಡಬೇಡಿ.

5. ಕೆಲಸಗಾರರು

ಈಗ ಇಲ್ಲಿ ಕೆಲಸಕ್ಕೆ ಸಿಗುವವರಲ್ಲಿ ಹಲವರು ಉತ್ತರ ಭಾರತದವರು. ಪಾಲು ಎಷ್ಟು, ಬಣ್ಣ ಮತ್ತು ಫೇಶಿಯಲ್‌ಗೆ ಸಾಮಗ್ರಿಯ ಬೆಲೆ ಕಳೆದು ಪಾಲೋ ಕಳೆಯದೆಯೋ, ಊರಿಗೆ ಹೋಗುವ ರಜೆ ಎಷ್ಟು ದಿನ, ಎಲ್ಲವನ್ನೂ ಅವರು ಓದಬಲ್ಲ ಭಾಷೆಯಲ್ಲಿ ಬರೆದು ಒಂದು ಪ್ರತಿ ಕೊಡಬೇಕು. ವಾರಕ್ಕೊಮ್ಮೆ ಪಾಲು ಚುಕ್ತಾ ಮಾಡಿದರೆ ಮುಂಗಡ ಕೇಳುವುದು ತಾನಾಗಿ ಕಡಿಮೆಯಾಗುತ್ತದೆ. ನಾನು ಲೆಕ್ಕ ಬರೆಯುವ ಅಂಗಡಿಯೊಂದರಲ್ಲಿ 60,000 ಮುಂಗಡ ಪಡೆದವರು ಊರಿಗೆ ಹೋಗಿ ಮರಳಲಿಲ್ಲ. ನಮ್ಮ ಲೆಕ್ಕದ ಪ್ರಕಾರ ಅದು ನಾಲ್ಕು ಒಳ್ಳೆಯ ತಿಂಗಳುಗಳ ಲಾಭಕ್ಕಿಂತ ಹೆಚ್ಚು.

6. ಸಾಲ, ತೆರಿಗೆ

ಕೈಯಾರೆ ಕ್ಷೌರ ವೃತ್ತಿ ಮಾಡುವವರು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯನ್ನು ಮೊದಲು ವಿಚಾರಿಸಬೇಕು. ಅದರ 18 ವೃತ್ತಿಗಳಲ್ಲಿ ಕ್ಷೌರವೂ ಸೇರಿದೆ. ಉಪಕರಣಗಳಿಗೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ಸಾಲ ದೊರೆಯುತ್ತದೆ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಮುದ್ರಾ ಸಾಲ ಬಾಕಿ ಇರುವವರು ಇದಕ್ಕೆ ಅರ್ಹರಲ್ಲ, ಪೂರ್ತಿ ತೀರಿಸಿದವರು ಅರ್ಹರು. ಆದ್ದರಿಂದ ಯಾವ ಅರ್ಜಿ ಮೊದಲು ಎಂಬುದನ್ನು ಯೋಚಿಸಿಯೇ ಬ್ಯಾಂಕಿಗೆ ಹೋಗಿ. ಮುದ್ರಾದಲ್ಲಿ 50,000ದಿಂದ 5 ಲಕ್ಷದವರೆಗಿನ ಸಾಲ ಕಿಶೋರ್ ವರ್ಗಕ್ಕೆ ಸೇರುತ್ತದೆ.

ವಾರ್ಷಿಕ ವಹಿವಾಟು 20 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನಮ್ಮ ಉದಾಹರಣೆಯ ದರದಲ್ಲಿ ವರ್ಷವಿಡೀ ದಿನಕ್ಕೆ 43 ಜನ ಬಂದರೆ ಆ ಗಡಿ ದಾಟುತ್ತದೆ. ಸೆಲೂನ್ ಸೇವೆಯ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿದಿದೆ, ಆದರೆ ಕೊಂಡ ಸಾಮಗ್ರಿಗೆ ತೆತ್ತ ತೆರಿಗೆಯನ್ನು ಅದರಲ್ಲಿ ಕಳೆಯುವಂತಿಲ್ಲ. ಆದಾಯ ತೆರಿಗೆ ಬೀಳದಿದ್ದರೂ ಪ್ರತಿ ವರ್ಷ ರಿಟರ್ನ್ ಸಲ್ಲಿಸಿ. ಮುಂದಿನ ಸಾಲಕ್ಕೆ ಬ್ಯಾಂಕಿನವರು ಮೊದಲು ಕೇಳುವ ಕಾಗದ ಅದು.

7. ಬಾಗಿಲು ತೆರೆಯುವ ತಿಂಗಳು

ಫೆಬ್ರವರಿ ಕೊನೆ ಅಥವಾ ಮಾರ್ಚ್ ಆರಂಭವನ್ನೇ ಆರಿಸಿಕೊಳ್ಳಿ. ಪತ್ತನಾಜೆಯ (ಮೇ ಕೊನೆಗೆ ಜಾತ್ರೆ, ನೇಮಗಳ ಋತು ಮುಗಿಯುವ ದಿನ) ತನಕ ಮದುವೆ, ಜಾತ್ರೆ, ದೈವಗಳ ನೇಮಗಳಿಗಾಗಿ ಮುಂಬೈ, ಕೊಲ್ಲಿ ದೇಶಗಳಿಂದಲೂ ಜನ ಊರಿಗೆ ಬಂದಿರುತ್ತಾರೆ; ಮೇ ಕೊನೆಯ ವಾರ ಶಾಲೆ ಆರಂಭದ ಮುನ್ನ ಮಕ್ಕಳ ಸಾಲು ಇರುತ್ತದೆ. ಅಷ್ಟರಲ್ಲಿ ನೂರಿನ್ನೂರು ಮನೆಗಳಿಗೆ ಪರಿಚಿತವಾದ ಅಂಗಡಿ ಜುಲೈ ಮಳೆಯನ್ನು ತಾಳಿಕೊಳ್ಳುತ್ತದೆ. ಮರಗೆಲಸ ತಡವಾಗಿ ಜೂನ್ ಬಂದೇಬಿಟ್ಟಿತೆಂದಾದರೆ, ಒಳಗಿನ ಕೆಲಸ ಮುಗಿಸಿಟ್ಟು ಬಾಡಿಗೆ ಯಾವಾಗಿನಿಂದ ಲೆಕ್ಕಕ್ಕೆ ಬರಬೇಕೆಂದು ಕಟ್ಟಡದ ಮಾಲೀಕರೊಡನೆ ಮಾತನಾಡಿ, ಚೌತಿಯ ವಾರ ತೆರೆಯಿರಿ.